ಸರೀಕರ ಗೌರವ: ಹದಿಹರೆಯದವರಿಗೆ ಸಂಬಂಧಗಳ ಪಾಠ

‘ಗುರುಹಿರಿಯರಿಗೆ ಗೌರವ ಕೊಡಿ’ ಎಂಬ ಬರಹ ನಮ್ಮ ಶಾಲೆಗಳ ಗೋಡೆಗಳಿಗೆ ಹೊಸದಲ್ಲ. ‘ಪಕ್ಕದ ಬೆಂಚಿನವರಿಗೆ ಗೌರವ ಕೊಡಿ’ ಎಂದು ಬರೆಸಿದ ಗೋಡೆ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ನಮ್ಮ ಮಾತಿನಲ್ಲಿ ಗೌರವ ಎಂಬುದು ಮೆಟ್ಟಿಲು ಹತ್ತುವ ಸಂಗತಿ. ಕಿರಿಯರು ಹಿರಿಯರಿಗೆ, ಸೊಸೆ ಅತ್ತೆಗೆ, ಆಳು ಧಣಿಗೆ ಕೊಡಬೇಕಾದದ್ದು. ವ್ಯಾಕರಣವೂ ಇದಕ್ಕೆ ಒತ್ತಾಸೆಯಾಗಿ ನಿಂತಿದೆ: ಮೇಷ್ಟ್ರಿಗೆ ಬಹುವಚನ, ಶಾಲೆಯ ಗಂಟೆ ಹೊಡೆಯುವವನಿಗೆ ಏಕವಚನ. ಒಂದೇ ವಯಸ್ಸಿನ, ಒಂದೇ ತರಗತಿಯ ಹುಡುಗ ಹುಡುಗಿಯರ ನಡುವೆ, ಅಂದರೆ ಸರೀಕರ ನಡುವೆ, ಗೌರವ ಹೇಗಿರುತ್ತದೆ ಎಂದು ಕೇಳಿದರೆ ತಡವರಿಸುತ್ತೇವೆ. ಸ್ನೇಹ, ಸಲುಗೆ ಎಂಬ ಮಾತುಗಳಿವೆ. ‘ಹದ್ದು ಮೀರಬೇಡ’ ಎಂಬ ಎಚ್ಚರಿಕೆಯೂ ಇದೆ. ಆ ಹದ್ದು ಎಲ್ಲಿದೆ ಎಂದು ಕೈಹಿಡಿದು ತೋರಿಸಿದವರು ಕಡಿಮೆ.

ಹದಿಹರೆಯದವರಿಗೆ ಗೌರವದ ಸಂಬಂಧಗಳನ್ನೂ ಎಲ್ಲರನ್ನೂ ಒಳಗೊಳ್ಳುವ ಬಗೆಯನ್ನೂ ಕಲಿಸುವ ಪಾಠಗಳು ಈ ಹದ್ದನ್ನು ಗುರುತಿಸುವ ಕೆಲಸಕ್ಕೆ ಹುಟ್ಟಿಕೊಂಡವು. ಹಲವು ದೇಶಗಳಲ್ಲಿ, ಭಾರತದ ಕೆಲವು ರಾಜ್ಯಗಳಲ್ಲಿ ಇವು ಬೇರೆಬೇರೆ ಹೆಸರಿನಲ್ಲಿ ನಡೆಯುತ್ತಿವೆ.

ಪಾಠದ ಹೂರಣ

ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿ ಹೊರತಂದ ಲೈಂಗಿಕ ಶಿಕ್ಷಣದ ಅಂತರರಾಷ್ಟ್ರೀಯ ಮಾರ್ಗದರ್ಶಿಯಲ್ಲಿ ಎಂಟು ಮುಖ್ಯ ಪರಿಕಲ್ಪನೆಗಳಿವೆ. ಮೊದಲನೆಯದೇ ‘ಸಂಬಂಧಗಳು’. ಅದರೊಳಗೆ ಕುಟುಂಬ, ಗೆಳೆತನ ಮತ್ತು ಪ್ರೀತಿ, ಸಹನೆ–ಒಳಗೊಳ್ಳುವಿಕೆ–ಗೌರವ, ದೀರ್ಘಕಾಲದ ಬಾಂಧವ್ಯ ಎಂಬ ವಿಭಾಗಗಳು. ದೇಹದ ಬೆಳವಣಿಗೆಯ ಸರದಿ ಆಮೇಲೆ ಬರುತ್ತದೆ. ‘ಲೈಂಗಿಕ ಶಿಕ್ಷಣ’ ಎಂಬ ಮಾತು ಕೇಳಿದೊಡನೆ ಹೌಹಾರುವವರಲ್ಲಿ ಎಷ್ಟು ಮಂದಿ ಈ ಪರಿವಿಡಿಯನ್ನು ನೋಡಿದ್ದಾರೋ!

ಇನ್ನೊಂದು ಬೇರು ಜೀವನ ಕೌಶಲಗಳದ್ದು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಕೌಶಲಗಳನ್ನು ಪಟ್ಟಿಮಾಡಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ಬಾಂಧವ್ಯ ಉಳಿಸಿಕೊಳ್ಳುವುದು, ಸಿಟ್ಟು–ದುಃಖಗಳನ್ನು ನಿಭಾಯಿಸುವುದು ಇವೆಲ್ಲ ಅದರಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಇದನ್ನೇ ಆಧಾರವಾಗಿಟ್ಟುಕೊಂಡು ಪ್ರೌಢಶಾಲೆಗಳಿಗೆ ಪಠ್ಯ ಸಿದ್ಧಪಡಿಸಿ, ಶಿಕ್ಷಕರಿಗೆ ತರಬೇತಿ ಕೊಟ್ಟು ಕರ್ನಾಟಕದಲ್ಲಿ ಪ್ರಯೋಗಿಸಿತು.

‘ಗೌರವದ ಸಂಬಂಧಗಳು’ ಎಂಬ ಹೆಸರು ಹೆಚ್ಚಾಗಿ ಓಡಾಡುವುದು ಆಸ್ಟ್ರೇಲಿಯದಲ್ಲಿ. ಅಲ್ಲಿನ ವಿಕ್ಟೋರಿಯ ರಾಜ್ಯದಲ್ಲಿ 2014ರ ಫೆಬ್ರುವರಿಯಲ್ಲಿ ಹನ್ನೊಂದು ವರ್ಷದ ಲ್ಯೂಕ್ ಬ್ಯಾಟಿಯನ್ನು ಕ್ರಿಕೆಟ್ ಅಭ್ಯಾಸದ ಮೈದಾನದಲ್ಲೇ ಹೆತ್ತ ತಂದೆ ಕೊಂದ. ತಾಯಿ ರೋಸಿ ಬ್ಯಾಟಿ ದುಃಖವನ್ನು ನುಂಗಿಕೊಂಡು ಸುಮ್ಮನೆ ಕೂರಲಿಲ್ಲ. ಕೌಟುಂಬಿಕ ಹಿಂಸೆಯ ಬಗ್ಗೆ ಊರೂರಿಗೆ ಹೋಗಿ ಮಾತನಾಡಿದರು. ಮರುವರ್ಷ ಸರ್ಕಾರ ರಾಯಲ್ ಕಮಿಷನ್ ನೇಮಿಸಿತು. 2016ರಲ್ಲಿ ಬಂದ ವರದಿಯ 227 ಶಿಫಾರಸುಗಳಲ್ಲಿ ಶಾಲೆಗಳಲ್ಲಿ ಈ ಪಾಠ ನಡೆಸಬೇಕೆಂಬುದೂ ಒಂದು. ತರಗತಿಯಲ್ಲಿ ಪಾಠ ಮಾಡಿ, ಸಿಬ್ಬಂದಿ ಕೊಠಡಿಯಲ್ಲಿ ಶಿಕ್ಷಕಿಯರನ್ನು ಗೇಲಿ ಮಾಡುತ್ತ ಕುಳಿತರೆ ಮಕ್ಕಳು ಕಲಿಯುವುದು ಎರಡನೆಯದನ್ನೇ. ಹಾಗಾಗಿ ಅಲ್ಲಿ ಪಠ್ಯದ ಜೊತೆಗೆ ಶಾಲೆಯ ಇಡೀ ನಡವಳಿಕೆಯನ್ನೇ ತಿದ್ದುವ ಕ್ರಮ ಜಾರಿಗೆ ಬಂತು.

ಈ ವಯಸ್ಸೇ ಏಕೆ

2011ರ ಜನಗಣತಿಯ ಲೆಕ್ಕದಲ್ಲಿ 10ರಿಂದ 19 ವರ್ಷದವರು ದೇಶದಲ್ಲಿ ಸುಮಾರು 25.3 ಕೋಟಿ ಇದ್ದರು. ಅಪ್ಪ–ಅಮ್ಮನ ಮಾತಿಗಿಂತ ಗೆಳೆಯರ ಮಾತು ತೂಕ ಪಡೆಯುವುದು, ‘ಹುಡುಗರು ಹೀಗೆ, ಹುಡುಗಿಯರು ಹಾಗೆ’ ಎಂಬ ತೀರ್ಮಾನಗಳು ಗಟ್ಟಿಯಾಗುವುದು ಈ ವಯಸ್ಸಿನಲ್ಲಿ. ಆಮೇಲೆ ಏನಾಗುತ್ತದೆ ಎಂಬುದಕ್ಕೆ ಒಂದು ಅಂಕಿ ಸಾಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತೆಯರ ಪ್ರಮಾಣ ದೇಶದಲ್ಲಿ ಶೇ 29.3, ಕರ್ನಾಟಕದಲ್ಲಿ ಶೇ 44.4. ರಾಜ್ಯಗಳ ಪೈಕಿ ಅತಿ ಹೆಚ್ಚು ನಮ್ಮದೇ. ಆ ಗಂಡಂದಿರೆಲ್ಲ ಒಂದು ಕಾಲಕ್ಕೆ ಒಂಬತ್ತನೇ ತರಗತಿಯ ವಯಸ್ಸಿನ ಹುಡುಗರೇ ಆಗಿದ್ದರು.

ಹರಿಯಾಣದ ತರಗತಿಗಳು

ಇಂಥ ಪಾಠದಿಂದ ಏನಾದರೂ ಬದಲಾಗುತ್ತದೆಯೆ ಎಂಬ ಪ್ರಶ್ನೆಗೆ ಬುದ್ಧಿಮಾತಿನ ಬದಲು ಲೆಕ್ಕದಲ್ಲಿ ಉತ್ತರ ಕೊಟ್ಟದ್ದು ಹರಿಯಾಣ. ಅಲ್ಲಿ 2011ರಲ್ಲಿ ಆರು ವರ್ಷದೊಳಗಿನ ಪ್ರತಿ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 834 ಮಾತ್ರ. (ಕರ್ನಾಟಕದಲ್ಲಿ 948.) ಅಂಥ ನೆಲದಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ ‘ತಾರೋಂ ಕಿ ಟೋಲಿ’, ಅಂದರೆ ನಕ್ಷತ್ರಗಳ ತಂಡ, ಎಂಬ ಕಾರ್ಯಕ್ರಮ ಆರಂಭಿಸಿತು. ಸೋನಿಪತ್, ಪಾಣಿಪತ್, ರೋಹ್ತಕ್, ಝಜ್ಜರ್ ಜಿಲ್ಲೆಗಳ 314 ಸರ್ಕಾರಿ ಶಾಲೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ 150 ಶಾಲೆಗಳನ್ನು ಆರಿಸಿದರು. ಅಲ್ಲಿ ಪಾಠ ನಡೆಯಿತು, ಉಳಿದವುಗಳಲ್ಲಿ ನಡೆಯಲಿಲ್ಲ. ಆರಂಭದಲ್ಲಿ ಏಳು–ಎಂಟನೇ ತರಗತಿಯಲ್ಲಿದ್ದ ಮಕ್ಕಳಿಗೆ ಮೂರು ವಾರಕ್ಕೊಮ್ಮೆಯಂತೆ 45 ನಿಮಿಷದ ಒಂದು ಪೀರಿಯಡ್, ಎರಡು ವರ್ಷಕ್ಕೂ ಮಿಕ್ಕಿ.

ಸಂಸ್ಥೆಯಿಂದ ಬಂದವರು ಉಪನ್ಯಾಸ ಮಾಡಲಿಲ್ಲ, ಪ್ರಶ್ನೆ ಕೇಳಿದರು. ಇಂಥ ತರಗತಿಗಳಲ್ಲಿ ಎಲ್ಲೆಡೆ ಬಳಸುವ ಒಂದು ಚಟುವಟಿಕೆಯನ್ನು ನಮ್ಮೂರಿಗೆ ಒಗ್ಗಿಸಿ ನೋಡಬಹುದು. ಕಪ್ಪು ಹಲಗೆಯ ಮೇಲೆ ಎರಡು ಕಾಲಂ: ಅಣ್ಣನ ದಿನ, ತಂಗಿಯ ದಿನ. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ಯಾರು ಏನು ಮಾಡುತ್ತಾರೆಂದು ಮಕ್ಕಳೇ ಬರೆಯುತ್ತ ಹೋಗಬೇಕು. ನೀರು ತರುವುದು, ಅಂಗಳ ಸಾರಿಸಿ ರಂಗೋಲಿ ಇಡುವುದು, ರೊಟ್ಟಿ ತಟ್ಟುವುದು, ಪಾತ್ರೆ ಬೆಳಗುವುದು ಎಂದು ಒಂದು ಕಾಲಂ ಕೆಳಗಿಳಿಯುತ್ತ ಹೋಗುತ್ತದೆ. ಇನ್ನೊಂದು ಕಾಲಮ್ಮಿನಲ್ಲಿ ‘ಆಟ’ ಎಂಬ ಪದ ಮೂರು ಸಲ ಬರುತ್ತದೆ. ಯಾರೂ ಬಯ್ಯಬೇಕಿಲ್ಲ. ಹಲಗೆ ನೋಡಿದರೆ ಸಾಕು, ಮುಂದಿನ ಜಗಳವನ್ನು ಮಕ್ಕಳೇ ಶುರುಮಾಡುತ್ತಾರೆ.

ದಿವಾ ಧರ್, ತರುಣ್ ಜೈನ್, ಸೀಮಾ ಜಯಚಂದ್ರನ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಬಗೆಯ ಶಾಲೆಗಳ 14,000ಕ್ಕೂ ಹೆಚ್ಚು ಮಕ್ಕಳನ್ನು ಅಧ್ಯಯನಕ್ಕೆ ಒಳಪಡಿಸಿದರು. 2022ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು. ಹೆಣ್ಣಿಗೆ ಕಟ್ಟುಪಾಡು ಹಾಕುವ ನಿಲುವುಗಳಲ್ಲಿ ಶೇ 16ರಷ್ಟು ಸಮಾನತೆಯ ಕಡೆಗೆ ಹೊರಳಿದ್ದವು. ಪಾಠ ಮುಗಿದು ಎರಡು ವರ್ಷ ಕಳೆದು ಮತ್ತೆ ಕೇಳಿದಾಗಲೂ ಆ ಬದಲಾವಣೆ ಅಳಿಸಿಹೋಗಿರಲಿಲ್ಲ. ಹುಡುಗರು ಮನೆಗೆಲಸಕ್ಕೆ ಕೈ ಹಚ್ಚುತ್ತಿದ್ದೇವೆ ಎಂದರು. ನಡವಳಿಕೆಯ ಬದಲಾವಣೆ ಹುಡುಗಿಯರಿಗಿಂತ ಹುಡುಗರಲ್ಲೇ ಹೆಚ್ಚು ಕಂಡಿತು. ಕಾರಣ ಊಹಿಸುವುದು ಕಷ್ಟವಲ್ಲ. ಮನಸ್ಸು ಬದಲಾದ ಹುಡುಗ ನಾಳೆಯೇ ತಟ್ಟೆ ತೊಳೆಯಬಹುದು. ಮನಸ್ಸು ಬದಲಾದ ಹುಡುಗಿ ಹೊಸ್ತಿಲು ದಾಟಲು ಇನ್ನೊಬ್ಬರ ಅಪ್ಪಣೆ ಬೇಕು. ‘ಹೆಣ್ಣುಮಕ್ಕಳಿಗೆ ಧೈರ್ಯ ಹೇಳಿಕೊಡಿ’ ಎಂದು ಹುಡುಗಿಯರನ್ನಷ್ಟೇ ಪ್ರತ್ಯೇಕವಾಗಿ ಕೂರಿಸುವ ನಮ್ಮ ವಾಡಿಕೆಯನ್ನು ಈ ಒಂದು ಫಲಿತಾಂಶ ಪ್ರಶ್ನಿಸುತ್ತದೆ ಎಂದು ನನಗನ್ನಿಸುತ್ತದೆ.

ಹಾಗೆಂದು ಇದು ಪವಾಡವೇನಲ್ಲ. ಶೇ 16 ಹೊರಳಿತು ಎಂದರೆ ಉಳಿದದ್ದು ಹೊರಳಲಿಲ್ಲ ಎಂದೇ ಅರ್ಥ. ಆದರೂ ಈ ಅನುಭವವನ್ನು ಹಿಡಿದು ಪಂಜಾಬ್ ಮತ್ತು ಒಡಿಶಾ ಸರ್ಕಾರಗಳು ಲಿಂಗ ಸಮಾನತೆಯ ಪಾಠಗಳನ್ನು ತಮ್ಮ ಶಾಲೆಗಳಿಗೆ ತಂದವು. ಇದಕ್ಕೂ ಮೊದಲು, 2008ರಲ್ಲಿ, ಮುಂಬೈಯ 45 ಪಾಲಿಕೆ ಶಾಲೆಗಳಲ್ಲಿ ಆರು–ಏಳನೇ ತರಗತಿಯವರೊಂದಿಗೆ ‘ಜೆಮ್ಸ್’ ಎಂಬ ಇಂಥದೇ ಪ್ರಯೋಗ ನಡೆದಿತ್ತು.

ಮೌನ ಸಮ್ಮತಿಯಲ್ಲ

ಈ ಪಾಠಗಳಲ್ಲಿ ಅತಿ ಕಷ್ಟದ ಭಾಗ ಒಪ್ಪಿಗೆಯದು. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಮದುವೆಯ ಮಾತುಕತೆಯಲ್ಲಿ ಈಗಲೂ ಹೇಳುತ್ತಾರೆ. ಹುಡುಗಿ ತಲೆತಗ್ಗಿಸಿ ಕೂತರೆ ಒಪ್ಪಿದಳೆಂದೇ ಲೆಕ್ಕ. ಅದರ ಮೇಲೆ ಸಿನಿಮಾ. ನಾಯಕಿ ಮೂರು ಸಲ ಬೈದು, ಒಂದು ಸಲ ಕಪಾಳಕ್ಕೆ ಕೊಟ್ಟು, ನಾಲ್ಕನೇ ರೀಲಿನಲ್ಲಿ ಹಾಡು ಹೇಳುತ್ತಾಳೆ. ‘ಕಾಳು ಹಾಕ್ತಾ ಇರಬೇಕು, ಬೀಳದೆ ಎಲ್ಲಿ ಹೋಗ್ತಾಳೆ’ ಎಂಬ ಮಾತನ್ನು ಹುಡುಗರು ಬಸ್‌ಸ್ಟಾಂಡಿನಲ್ಲಿ ಕಲಿತದ್ದಲ್ಲ, ತೆರೆಯ ಮೇಲೆ ನೋಡಿ ಕಲಿತದ್ದು. ಆ ಮಾತಿನಲ್ಲೇ ಹುಡುಗಿ ಹಕ್ಕಿಯಾಗಿದ್ದಾಳೆ, ಹುಡುಗ ಬೇಡ.

ಮನಸ್ಸಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು 2013ರ ತಿದ್ದುಪಡಿಯ ನಂತರ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅದಕ್ಕೆ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಸೆರೆವಾಸವಿದೆ. ಇದನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಕಾನೂನಿನಿಂದಲೇ ಪಾಠ ಶುರುಮಾಡಿದರೆ ಭಯ ಹುಟ್ಟುತ್ತದೆಯೇ ಹೊರತು ತಿಳಿವಳಿಕೆಯಲ್ಲ.

ಅನುಭವಿ ಶಿಕ್ಷಕರು ಸಣ್ಣ ವಸ್ತುಗಳಿಂದ ಹಿಡಿಯುತ್ತಾರೆ. ಕೇಳದೆ ಪೆನ್ನು ತೆಗೆದುಕೊಳ್ಳಬಹುದೆ? ಊಟದ ಡಬ್ಬಿಗೆ ಕೈ ಹಾಕಬಹುದೆ? ಗೆಳತಿಯ ಫೋಟೊ ಸ್ಟೇಟಸ್‌ಗೆ ಹಾಕುವ ಮುಂಚೆ ಕೇಳಬೇಕೆ? ಹೋದ ವಾರ ಹ್ಞೂಂ ಅಂದವಳು ಈ ವಾರ ಉಹ್ಞೂಂ ಅನ್ನಬಹುದೆ? ಇಷ್ಟಕ್ಕೆ ಉತ್ತರ ಹೇಳಿಕೊಂಡ ತರಗತಿಗೆ ಮೈ ಮುಟ್ಟುವ ಪ್ರಶ್ನೆ ಬಂದಾಗ ದಾರಿ ಅರ್ಧ ಸವೆದಿರುತ್ತದೆ.

ಇನ್ನರ್ಧ ಇದೆ, ಅದನ್ನು ಎಷ್ಟೋ ಪಠ್ಯಗಳು ಮರೆಯುತ್ತವೆ. ‘ಇಲ್ಲ’ ಎನ್ನುವುದನ್ನು ಹೇಳಿಕೊಡುವಷ್ಟೇ ‘ಇಲ್ಲ’ ಎನ್ನಿಸಿಕೊಳ್ಳುವುದನ್ನೂ ಹೇಳಿಕೊಡಬೇಕು. ನಮ್ಮ ಹುಡುಗರಿಗೆ ನಿರಾಕರಣೆ ಎಂದರೆ ಅವಮಾನ, ಗೆಳೆಯರ ಮುಂದೆ ಮುಖಭಂಗ. ಅಲ್ಲಿಂದ ಹಗೆಗೆ ದೂರವಿಲ್ಲ. ಇದಕ್ಕೆ ಸರಳವಾದ ಅಭ್ಯಾಸವೊಂದಿದೆ. ಇಬ್ಬರು ಎದುರುಬದುರು ನಿಲ್ಲಬೇಕು. ಒಬ್ಬರು ಏನನ್ನೋ ಕೇಳಬೇಕು: ಸೈಕಲ್ಲು, ನೋಟ್ಸು, ಜಾತ್ರೆಗೆ ಜೊತೆ. ಇನ್ನೊಬ್ಬರು ಕಾರಣ ಕೊಡದೆ ಬೇಡ ಎನ್ನಬೇಕು. ಕೇಳಿದವರು ‘ಯಾಕೆ’ ಎನ್ನದೆ ಒಂದೇ ವಾಕ್ಯದಲ್ಲಿ ಮಾತು ಮುಗಿಸಬೇಕು. ‘ಸರಿ ಬಿಡು’ ಎಂಬ ಎರಡು ಪದ ನಾಲಿಗೆಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದರೆ ದೊಡ್ಡವರಿಗೂ ಸೋಜಿಗವಾಗುತ್ತದೆ.

ಹದಿನೆಂಟರ ಗೆರೆ

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ ಕಣ್ಣಿಗೆ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅದಕ್ಕೂ ಮೊದಲು ಒಪ್ಪಿಗೆಯ ವಯಸ್ಸು ಹದಿನಾರಿತ್ತು. ಪರಸ್ಪರ ಇಷ್ಟಪಟ್ಟು ಊರು ಬಿಟ್ಟ ಹುಡುಗ ಹುಡುಗಿಯ ಪ್ರಕರಣವೂ ಈ ಕಾಯ್ದೆಯಡಿ ಬಂದು, ಹುಡುಗ ಜೈಲು ಸೇರುವುದು ಹೀಗೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ಇಂಥದೊಂದು ಪ್ರಕರಣದ ತೀರ್ಪಿನಲ್ಲಿ ವಯಸ್ಸಿನ ಮಿತಿಯನ್ನು ಮರುಚಿಂತಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೇ ತರಗತಿಯಿಂದಲೇ ವಿದ್ಯಾರ್ಥಿಗಳಿಗೆ ಈ ಕಾಯ್ದೆಯ ತಿಳಿವಳಿಕೆ ಕೊಡಲು ಪಠ್ಯ ಸಿದ್ಧಪಡಿಸಿ ಎಂದು ಶಿಕ್ಷಣ ಇಲಾಖೆಗೂ ಸೂಚಿಸಿತು. ಮರುವರ್ಷ ಕಾನೂನು ಆಯೋಗ ತನ್ನ 283ನೇ ವರದಿಯಲ್ಲಿ ಹದಿನೆಂಟನ್ನು ಇಳಿಸುವುದು ಬೇಡ ಎಂದಿತು.

ಶಿಕ್ಷಕರಿಗೆ ಇದರಲ್ಲಿ ಇನ್ನೊಂದು ಇಕ್ಕಟ್ಟಿದೆ. ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅದೇ ಕಾಯ್ದೆಯಲ್ಲಿ ಶಿಕ್ಷಾರ್ಹ. ಗುಟ್ಟನ್ನು ಯಾರಿಗೂ ಹೇಳುವುದಿಲ್ಲ ಎಂದು ಮಕ್ಕಳಿಗೆ ಮಾತು ಕೊಡುವ ಹಾಗಿಲ್ಲ. ಇದನ್ನು ಮೊದಲ ದಿನವೇ ತರಗತಿಗೆ ಹೇಳಿಬಿಡುವುದು ಒಳ್ಳೆಯದು.

ಅಡ್ಡಹೆಸರು ಮತ್ತು ನಗುವವರು

ಕರಿಯ, ಡುಮ್ಮ, ಸೋಡಾಬುಡ್ಡಿ, ಕುಂಟ, ಹೆಣ್ಣಿಗ. ಪ್ರತಿ ಶಾಲೆಯ ಹಾಜರಿ ಪುಸ್ತಕದ ಪಕ್ಕದಲ್ಲಿ ಇಂಥ ಇನ್ನೊಂದು ಕಾಣದ ಹಾಜರಿ ಪುಸ್ತಕವಿರುತ್ತದೆ. ಕೇಳಿದರೆ ‘ತಮಾಷೆಗೆ ಸಾರ್’ ಎನ್ನುತ್ತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಈ ಬೆಕ್ಕು–ಇಲಿಯ ಆಚೆಗೆ ನೋಡಿದರು. ಪೀಡಿಸುವವನು, ಪೀಡೆಗೊಳಗಾದವನು ಇಬ್ಬರೇ ಅಲ್ಲಿರುವುದಿಲ್ಲ. ಕೈಜೋಡಿಸುವವರಿದ್ದಾರೆ, ನಕ್ಕು ಹುರಿದುಂಬಿಸುವವರಿದ್ದಾರೆ, ನೋಡಿಯೂ ನೋಡದಂತೆ ಹೋಗುವವರಿದ್ದಾರೆ, ಪಕ್ಕಕ್ಕೆ ನಿಂತು ಕಾಯುವವರಿದ್ದಾರೆ. ಪೀಡಿಸುವವನಿಗೆ ಬೇಕಾದದ್ದು ಆ ನಗು. ಈ ತಿಳಿವಿನ ಮೇಲೆ ಕಟ್ಟಿದ ‘ಕಿವಾ’ ಕಾರ್ಯಕ್ರಮ 2009ರಿಂದ ಅಲ್ಲಿನ ಶಾಲೆಗಳಿಗೆ ಹರಡಿತು. ನಗುವವರು ನಗುವುದನ್ನು ನಿಲ್ಲಿಸಿದರೆ ಆಟಕ್ಕೆ ಕಳೆಯೇ ಇರುವುದಿಲ್ಲ ಎಂಬುದು ಅದರ ಲೆಕ್ಕಾಚಾರ. ನಮ್ಮಲ್ಲಿ ಪುಂಡನನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಮುಂದೆ ನಿಲ್ಲಿಸಿ ಬಯ್ಯುವುದು ರೂಢಿ. ಅದರಿಂದ ಅವನಿಗೆ ಪ್ರೇಕ್ಷಕರು ಹೆಚ್ಚುತ್ತಾರೆ, ಅಷ್ಟೆ.

ಒಳಗೆ ಕರೆದರೆ ಸಾಲದು

ಶಿಕ್ಷಣ ಇಲಾಖೆಯ ಭಾಷೆಯಲ್ಲಿ ‘ಸಮನ್ವಯ ಶಿಕ್ಷಣ’ ಎಂದರೆ ಅಂಗವೈಕಲ್ಯವಿರುವ ಮಕ್ಕಳು ಎಲ್ಲರ ಜೊತೆ ಕಲಿಯುವುದು. 1995ರ ಕಾಯ್ದೆ ಗುರುತಿಸಿದ್ದ ಏಳು ಬಗೆಯ ವೈಕಲ್ಯಗಳನ್ನು 2016ರ ಕಾಯ್ದೆ 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ ಒಳಗೆ ಬಂದವು. ಬ್ಲಾಕ್ ಮಟ್ಟದಲ್ಲಿ ಇದಕ್ಕೆಂದೇ ಸಂಪನ್ಮೂಲ ಶಿಕ್ಷಕರಿದ್ದಾರೆ, ಶಾಲೆಗಳಲ್ಲಿ ಅವರನ್ನು ಬಿಐಇಆರ್‌ಟಿ ಎಂದೇ ಕರೆಯುತ್ತಾರೆ. ಇಳಿಜಾರು ದಾರಿ ಕಟ್ಟಿಸುವುದು ಸಿವಿಲ್ ಕೆಲಸ, ಬಿಲ್ಲು ಪಾಸಾದರೆ ಮುಗಿಯಿತು. ಗಾಲಿಕುರ್ಚಿಯ ಹುಡುಗಿಯನ್ನು ಕಬಡ್ಡಿ ಪೀರಿಯಡ್ಡಿನಲ್ಲಿ ‘ಚೀಲ ಕಾಯ್ತಾ ಇರು’ ಎಂದು ಮರದಡಿ ಬಿಡುವುದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಅಂಕ ಬರೆಯಲೂ ಬಾರದೆ? ತೀರ್ಪು ಕೊಡಲೂ ಬಾರದೆ? ಇಂಥ ದಾರಿ ಹುಡುಕುವುದನ್ನು ತರಗತಿಗೇ ಒಪ್ಪಿಸಿದರೆ ಮಕ್ಕಳು ಆಟದ ನಿಯಮವನ್ನೇ ತಿದ್ದಿಬಿಡುತ್ತಾರೆ. ಗಲ್ಲಿ ಕ್ರಿಕೆಟ್ಟಿಗೆ ಊರಿಗೊಂದು ನಿಯಮ ಮಾಡಿಕೊಂಡವರಿಗೆ ಅದೇನು ಮಹಾ?

ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳ ವಿಷಯಕ್ಕೆ ಬಂದರೆ ಹಿಂಜರಿಕೆ ಹೆಚ್ಚು. ಸುಪ್ರೀಂ ಕೋರ್ಟ್ 2014ರ ಏಪ್ರಿಲಿನ ನಾಲ್ಸಾ ತೀರ್ಪಿನಲ್ಲಿ ಅವರ ಗುರುತನ್ನು ಮಾನ್ಯ ಮಾಡಿತು. 2019ರ ಕಾಯ್ದೆ ಶಾಲೆಗಳಲ್ಲಿ ಭೇದವಿಲ್ಲದ ಕಲಿಕೆ ಮತ್ತು ಆಟದ ಅವಕಾಶ ಇರಬೇಕೆಂದಿತು. ಆದರೆ ಇಂಥ ಮಕ್ಕಳನ್ನು ಒಳಗೊಳ್ಳುವ ಬಗ್ಗೆ ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ 2021ರಲ್ಲಿ ಜಾಲತಾಣಕ್ಕೆ ಹಾಕಿದ ಕೈಪಿಡಿ, ಆಕ್ಷೇಪ ಬಂದ ಕೂಡಲೇ ಅಲ್ಲಿಂದ ಮಾಯವಾಯಿತು. ಅದೇ ವರ್ಷ ಲಿಂಗತ್ವ ಅಲ್ಪಸಂಖ್ಯಾತ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದದ್ದನ್ನು ಕನ್ನಡನಾಡಿನ ಮಕ್ಕಳು ಟಿವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆಗೂ ತಮ್ಮದೇ ತರಗತಿಯ ‘ಹೆಣ್ಣಿಗ’ ಎಂಬ ಕೂಗಿಗೂ ನಂಟಿದೆ ಎಂದು ಯಾರಾದರೂ ಅವರಿಗೆ ಹೇಳಬೇಕಷ್ಟೆ.

ಜಾತಿಯಂತೂ ಬಿಸಿಯೂಟದ ತಟ್ಟೆಯಲ್ಲೇ ಕೂತಿದೆ. ದಲಿತ ಮಹಿಳೆ ಅಡುಗೆ ಮಾಡಿದರೆಂದು ಮಕ್ಕಳನ್ನು ಊಟಕ್ಕೆ ಬಿಡದ ಪೋಷಕರ ಸುದ್ದಿ ಕರ್ನಾಟಕದಿಂದಲೂ ಬಂದಿದೆ. ಇಲ್ಲಿ ಗಮನಿಸಬೇಕಾದದ್ದೆಂದರೆ, ತಟ್ಟೆ ದೂರ ಸರಿಸುವ ಹುಡುಗ ತನ್ನ ಪಾಲಿನ ‘ಗೌರವ’ವನ್ನೇ ಪಾಲಿಸುತ್ತಿದ್ದಾನೆ, ಮನೆಯ ಹಿರಿಯರ ಮಾತಿಗೆ ಸಲ್ಲಿಸುವ ಗೌರವ. ಮೆಟ್ಟಿಲು ಹತ್ತುವ ಗೌರವಕ್ಕೂ ಸರೀಕರ ಗೌರವಕ್ಕೂ ಇಲ್ಲಿ ನೇರ ತಿಕ್ಕಾಟ. ಹಾಡು, ನಾಟಕ, ಭಿತ್ತಿಪತ್ರಗಳಿಂದ ಬಗೆಹರಿಯದ ಇದನ್ನು ಎಷ್ಟೋ ಕಡೆ ಮುಖ್ಯೋಪಾಧ್ಯಾಯರು ಮಕ್ಕಳ ಸಾಲಿನಲ್ಲೇ ಕೂತು ಉಂಡು ಬಗೆಹರಿಸಲು ನೋಡುತ್ತಾರೆ.

ಬಂದು ಹೋದ, ಮತ್ತೆ ಬಂದ ಪಠ್ಯ

ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನಾಕೊ) 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಆರಂಭಿಸಿದವು. ಪುಸ್ತಕದ ಚಿತ್ರಗಳು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬ ಗದ್ದಲವೆದ್ದು, 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿ ಸಮಿತಿ 2009ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡ ಎಂದಿತು. ಇದೇ ಹೊತ್ತಿನಲ್ಲಿ ಜಾರ್ಖಂಡ್ ‘ಉಡಾನ್’ ಎಂಬ ಹೆಸರಿಟ್ಟು, 2006ರಿಂದ ಸದ್ದಿಲ್ಲದೆ ಪಾಠ ನಡೆಸಿಕೊಂಡು ಬಂತು. ಹೆಸರಿನಲ್ಲಿ ಎಷ್ಟೆಲ್ಲ ಇದೆ! 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಅಶ್ಲೀಲ ದೃಶ್ಯಗಳ ಕುರಿತ ತೀರ್ಪಿನಲ್ಲಿ ಸಮಗ್ರ ಲೈಂಗಿಕ ಶಿಕ್ಷಣ ಬೇಕೆಂದು ಹೇಳುತ್ತ ಇದೇ ಉಡಾನ್‌ನ ಉದಾಹರಣೆ ಕೊಟ್ಟಿತು.

2020ರಲ್ಲಿ ಆಯುಷ್ಮಾನ್ ಭಾರತದ ಅಡಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಹನ್ನೊಂದು ವಿಷಯಗಳಿವೆ. ಪರಸ್ಪರ ಸಂಬಂಧ, ಲಿಂಗ ಸಮಾನತೆ, ಹಿಂಸೆಯಿಂದ ಸುರಕ್ಷತೆ, ಅಂತರ್ಜಾಲದ ಎಚ್ಚರದ ಬಳಕೆ ಅದರಲ್ಲಿ ಸೇರಿವೆ. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು ಅದರ ರಾಯಭಾರಿಗಳು. ಶಾಲೆಯ ಹೊರಗೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ‘ಸ್ನೇಹ ಕ್ಲಿನಿಕ್’ಗಳಿವೆ, 1098 ಮಕ್ಕಳ ಸಹಾಯವಾಣಿಯಿದೆ.

ಪ್ರಶ್ನೆ ಪೆಟ್ಟಿಗೆ

ಕಾಗದದ ಮೇಲೆ ಕೊರತೆಯೇನಿಲ್ಲ. ಕೊರತೆಯಿರುವುದು ಪೀರಿಯಡ್ಡಿನಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ತಲೆಬಿಸಿಯಲ್ಲಿ ಮೌಲ್ಯ ಶಿಕ್ಷಣದ ಗಂಟೆಯನ್ನು ಗಣಿತ ನುಂಗುತ್ತದೆ. ವಿಜ್ಞಾನದ ಸಂತಾನೋತ್ಪತ್ತಿ ಪಾಠಕ್ಕೆ ‘ಮನೆಯಲ್ಲಿ ಓದ್ಕೊಳ್ಳಿ’ ಎಂಬ ಅಪ್ಪಣೆಯಾಗುತ್ತದೆ. ಶಿಕ್ಷಕರನ್ನು ದೂರಿ ಫಲವಿಲ್ಲ. ಅವರಿಗೂ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ, ನಾಳೆ ಪೋಷಕರು ಗೇಟಿಗೆ ಬಂದರೆ ಜೊತೆಗೆ ನಿಲ್ಲುವವರೂ ಇಲ್ಲ. ಹಾಗಾಗಿ ಪಾಠ ಶುರುವಾಗುವ ಮುನ್ನ ಪೋಷಕರನ್ನು ಕರೆದು, ಪಠ್ಯವನ್ನು ಅವರ ಕೈಗೇ ಕೊಟ್ಟು ಓದಿಸುವ ಶಾಲೆಗಳು ಅರ್ಧ ಗೆದ್ದ ಹಾಗೆ.

ಬಾಯಿ ಬಿಡದ ಮಕ್ಕಳಿಗೆ ಹಳೆಯ ಉಪಾಯವೊಂದಿದೆ, ಬೀಗ ಹಾಕಿದ ಪ್ರಶ್ನೆ ಪೆಟ್ಟಿಗೆ. ಹೆಸರು ಬರೆಯದೆ ಚೀಟಿ ಹಾಕಿದರೆ ಮುಂದಿನ ತರಗತಿಯಲ್ಲಿ ಉತ್ತರ ಸಿಗುತ್ತದೆ. ಇದು ನಡೆಯಬೇಕಾದರೆ ಒಂದು ನಿಯಮ ಬೇಕು: ಪ್ರಶ್ನೆಯಿರಲಿ ಇಲ್ಲದಿರಲಿ, ಎಲ್ಲರೂ ಒಂದೇ ಅಳತೆಯ ಚೀಟಿಯನ್ನು ಮಡಚಿ ಹಾಕಲೇಬೇಕು, ಇಲ್ಲವಾದರೆ ಪೆಟ್ಟಿಗೆಯ ಹತ್ತಿರ ಹೋದವರು ಯಾರೆಂದು ಇಡೀ ತರಗತಿ ನೋಡುತ್ತಿರುತ್ತದೆ. ಮೊದಲ ವಾರದ ಚೀಟಿಗಳಲ್ಲಿ ಬಹುಪಾಲು ಖಾಲಿಯೇ ಇರುತ್ತವೆ.